ಸಂತಾನಹೀನತೆಯೂ ಗಂಡಸರ ಕರ್ತವ್ಯವೂ

ಮದುವೆಯಾಗಿ ಮೂರು ನಾಲ್ಕು ವರ್ಷಗಳು ಕಳೆದರೂ ತೊಟ್ಟಿಲು ತೂಗದ ಮನೆಯಲ್ಲಿ ಮೊದಲು ಯಾರ ಹೆಸರು ಕೆಡುವದೆಂಬುದನ್ನು ವಾಚಕರಿಗೆ ತಿಳಿಸಿ ಹೇಳಬೇಕಾದ ಕಾರಣವಿಲ್ಲ. ದೇವರಿಗೆ ಹರಕೆ ಹೊರುವವಳು ಸೊಸೆ. ನಾಗರಕಲ್ಲಿಗೆ ಪ್ರದಕ್ಷಿಣೆ ಹಾಕುವವಳು ಸೊಸೆ. ಒಂದು ದವಾಖಾನೆಯಿಂದ ಇನ್ನೊಂದು ದವಾಖಾನೆಗೆ ಅಲೆದು ಸೂಜಿ ಚುಚ್ಚಿಸಿಕೊಳ್ಳುವವಳೂ ಅವಳೇ. ಇಷ್ಟಾದ ಮೇಲೂ ಫಲ ಕಾಣದಿದ್ದರೆ ಸೀಮಂತ, ನಾಮಕರಣ ಮೊದಲಾದ ಮಂಗಲಕಾರ್ಯಗಳಲ್ಲಿ ಹಿಂದಿನ ಸಾಲಿಗೆ ಸರಿಯಬೇಕಾದವಳೂ ಅವಳೇ. ನಮ್ಮ ಮನೆಮಾತಿನಲ್ಲಿ ಬಂಜೆ ಎಂಬ ಶಬ್ದವುಂಟು. ಅದಕ್ಕೆ ಸರಿಯಾಗಿ ಗಂಡಸಿಗೆ ಹೊಂದುವ ಶಬ್ದವು ನಿತ್ಯದ ಬಳಕೆಯಲ್ಲಿ ಇಲ್ಲ. ಷಂಡನೆಂಬ ಬೈಗುಳವಿದೆ ಎಂದು ಕೆಲವರು ಹೇಳಬಹುದು. ಆದರೆ ಆ ಮಾತಿನ ಅರ್ಥವೇ ಬೇರೆ. ಅದು ದಾಂಪತ್ಯಶಕ್ತಿಯಿಲ್ಲದವನಿಗೆ ಅನ್ವಯಿಸುವದೇ ಹೊರತು, ಶಕ್ತಿವಂತನಾಗಿದ್ದೂ ಮಕ್ಕಳಾಗದವನಿಗಲ್ಲ. ಹೀಗೆ ನುಡಿಯಲ್ಲಿಯೇ ಹೆಸರಿಲ್ಲದ ದೋಷವನ್ನು ಮನೆಯಲ್ಲಿ ಹುಡುಕುವವರಾದರೂ ಯಾರು?

ಹಿರೇಕೆರೂರ ಸೀಮೆಯವರು ಈ ವಿಷಯದಲ್ಲಿ ಒಂದು ಮಾತನ್ನು ವಿಶೇಷವಾಗಿ ನೆನೆಯಬಹುದಾಗಿದೆ. ಸರ್ವಜ್ಞ ಕವಿಯ ಜನ್ಮವೃತ್ತಾಂತವು ಈ ಸೀಮೆಯ ಅಬಲೂರು ಮಾಸೂರುಗಳಿಗೆ ಸಂಬಂಧಿಸಿದ್ದೆಂಬುದು ಸರ್ವವಿದಿತವಷ್ಟೆ. ಮಾಸೂರಿನ ಬಸವರಸನಿಗೆ ಮಕ್ಕಳಿರಲಿಲ್ಲ. ಆತನು ಸಂತಾನಾಪೇಕ್ಷೆಯಿಂದ ಕಾಶಿಯಾತ್ರೆಯನ್ನು ಕೈಕೊಂಡನು ಎಂದು ಪರಂಪರೆಯ ಕಥೆ ಹೇಳುವದು. ಆ ಕಥೆಯ ಸತ್ಯಾಸತ್ಯವನ್ನು ಪಂಡಿತರು ನಿರ್ಣಯಿಸಲಿ. ನಮಗಿಲ್ಲಿ ಬೇಕಾದದ್ದು ಅದರೊಳಗಿನ ಒಂದು ಅಂಶ ಮಾತ್ರ. ಸಂತಾನವಿಲ್ಲವೆಂದು ಮನೆಬಿಟ್ಟು ಹೊರಟವನು ಗಂಡನು; ಹೆಂಡತಿಯನ್ನು ಒಬ್ಬಳನ್ನೇ ಮುಂದೆ ಮಾಡಿ ತಾನು ಕಟ್ಟೆಯ ಮೇಲೆ ಕುಳಿತವನಲ್ಲ. ಅಂದಿನ ಕಾಶಿಯ ದಾರಿಯನ್ನು ನೆನೆದರೆ ಇಂದು ಗಂಡಸರು ಮಾಡಬೇಕಾದ ಪ್ರಯಾಣವು ಬಹು ಸಣ್ಣದು. ಅದು ತಾಲೂಕು ಊರಿನ ಪರೀಕ್ಷಾಲಯದ ಬಾಗಿಲಿನವರೆಗೆ ಹೋಗುವದಷ್ಟೇ. ಅಷ್ಟು ದೂರ ಹೋಗಲು ಸಾವಿರಾರು ಗಂಡಸರು ಒಲ್ಲೆನ್ನುವರೆಂಬುದೇ ಈ ಲೇಖನಕ್ಕೆ ಕಾರಣವಾಗಿರುತ್ತದೆ.

ಸಂತಾನಹೀನತೆಯು ವಿರಳವಾದ ವಿಪತ್ತೆಂದು ತಿಳಿಯಕೂಡದು. ಒಂದು ವರ್ಷದವರೆಗೆ ಯಾವ ನಿರೋಧವೂ ಇಲ್ಲದೆ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ ಅದನ್ನು ಸಂತಾನಹೀನತೆಯೆಂದು ವೈದ್ಯರು ಎಣಿಸುವರು. ಜಗತ್ತಿನ ವಯಸ್ಕರಲ್ಲಿ ಸುಮಾರು ಆರು ಜನರಲ್ಲಿ ಒಬ್ಬರು ಜೀವಮಾನದಲ್ಲಿ ಎಂದಾದರೊಮ್ಮೆ ಈ ಕಷ್ಟವನ್ನು ಅನುಭವಿಸುವರೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ವರದಿಯಲ್ಲಿ ತಿಳಿಸಿರುವದು. ಇಂಥ ದಂಪತಿಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಕಡೆಯಲ್ಲಿ ಗಂಡನ ದೋಷವು, ಒಂದೇ ಕಾರಣವಾಗಿಯಾಗಲಿ ಹೆಂಡತಿಯ ದೋಷದೊಡನೆ ಕೂಡಿಯಾಗಲಿ, ಇದ್ದೇ ಇರುವದು. ಅಂದ ಮೇಲೆ ಹೆಂಡತಿಯೊಬ್ಬಳನ್ನೇ ಪರೀಕ್ಷಿಸುವ ಮನೆತನವು ಅರ್ಧ ಸತ್ಯವನ್ನು ಮುಚ್ಚಿಟ್ಟುಕೊಂಡೇ ಔಷಧಕ್ಕೆ ಹಣ ಸುರಿಯುತ್ತದೆಂದು ಹೇಳಬೇಕಾಗುವದು.

ಗಂಡಸರ ದೋಷಗಳಲ್ಲಿ ಅತ್ಯಂತ ಕಠಿಣವೆಂದು ತೋರುವದು, ವೀರ್ಯದಲ್ಲಿ ವೀರ್ಯಾಣುಗಳು ಒಂದೂ ಇಲ್ಲದಿರುವದು. ಸಂತಾನವಿಲ್ಲದ ಗಂಡಸರಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಜನರಲ್ಲಿ ಇದು ಕಂಡುಬರುವದು. ಇದನ್ನು ಕೇಳಿದ ಕೂಡಲೆ ಎಲ್ಲ ಮುಗಿಯಿತೆಂದು ತಲೆಯ ಮೇಲೆ ಕೈಯಿಟ್ಟು ಕೂಡ್ರುವವರೇ ಬಹಳ. ಆದರೆ ಇಲ್ಲಿಯೇ ಒಂದು ಮುಖ್ಯ ಭೇದವನ್ನು ತಿಳಿಯಬೇಕು. ಮಾಸೂರಿನ ಹತ್ತಿರದ ಮದಗದ ಕೆರೆಯನ್ನು ಕಂಡವರಿಗೆ ಈ ಭೇದ ಸುಲಭವಾಗಿ ಹೊಳೆಯುವದು. ಕೆರೆಯ ಕೆಳಗಿನ ಗದ್ದೆಗೆ ನೀರು ಬಾರದಿರುವದಕ್ಕೆ ಎರಡು ಕಾರಣಗಳಿರಬಹುದು. ಮಳೆಯಾಗದೆ ಕೆರೆಯೇ ಬತ್ತಿರಬಹುದು. ಇಲ್ಲವೆ ಕೆರೆ ತುಂಬಿದ್ದೂ ತೂಬಿನಲ್ಲಿ ಹೂಳು ಕಟ್ಟಿರಬಹುದು. ಗದ್ದೆಯಲ್ಲಿ ನಿಂತು ನೋಡುವವನಿಗೆ ಎರಡೂ ಒಂದೇ ತೆರನಾಗಿ ಕಾಣುವವು. ಏರಿಯ ಮೇಲೆ ಹತ್ತಿ ನೋಡಿದವನಿಗೆ ಮಾತ್ರ ಭೇದ ತಿಳಿಯುವದು. ಅದೇ ರೀತಿ ವೀರ್ಯಾಣುಗಳಿಲ್ಲದ ಗಂಡಸರಲ್ಲಿ ಕೆಲವರಿಗೆ ಅವುಗಳ ಉತ್ಪತ್ತಿಯೇ ಇರುವದಿಲ್ಲ. ಆದರೆ ಸುಮಾರು ನೂರಕ್ಕೆ ನಾಲ್ವತ್ತು ಜನರಲ್ಲಿ ಉತ್ಪತ್ತಿಯು ಸರಿಯಾಗಿಯೇ ಇದ್ದು, ಹೊರಬರುವ ದಾರಿ ಮಾತ್ರ ಕಟ್ಟಿರುವದು. ಈ ಎರಡನೆಯ ವರ್ಗದವರಲ್ಲಿ ಅನೇಕರ ದೋಷವು ಶಸ್ತ್ರಕ್ರಿಯೆಯಿಂದ ನಿವಾರಣೆಯಾಗತಕ್ಕದ್ದು.

ಆ ದಾರಿಯ ರಚನೆಯು ಸೃಷ್ಟಿಯ ಸೋಜಿಗಗಳಲ್ಲಿ ಒಂದು. ವೃಷಣದಲ್ಲಿ ಒಂದು ವೀರ್ಯಾಣುವು ಹುಟ್ಟಿ ಬೆಳೆಯಲು ಎರಡು ತಿಂಗಳಿಗೂ ಮಿಕ್ಕಿದ ಕಾಲ ಹಿಡಿಯುವದು. ಅಲ್ಲಿಂದ ಅದು ವೃಷಣದ ಬೆನ್ನಿಗೆ ಅಂಟಿಕೊಂಡಿರುವ ಅಧಿವೃಷಣವೆಂಬ ಅಂಗವನ್ನು ಪ್ರವೇಶಿಸುವದು. ಬೆರಳಿನಷ್ಟೂ ಉದ್ದವಿಲ್ಲದ ಈ ಅಂಗದೊಳಗೆ ಸುತ್ತಿ ಸುತ್ತಿ ಇಟ್ಟಿರುವ ಒಂದೇ ನಾಳವನ್ನು ಬಿಡಿಸಿ ಚಾಚಿದರೆ ಅದು ಸುಮಾರು 6 ಮೀಟರ್ ಉದ್ದವಾಗುವದು. ಅದರ ದಪ್ಪವಾದರೋ ಒಂದು ಮಿಲಿಮೀಟರಿನ ನಾಲ್ಕನೆಯ ಒಂದು ಪಾಲನ್ನು ಮೀರುವದಿಲ್ಲ. ಈ ಹಾದಿಯನ್ನು ಸಾಗುವಾಗಲೇ ವೀರ್ಯಾಣುವಿಗೆ ಚಲಿಸುವ ಶಕ್ತಿಯೂ ಫಲಿಸುವ ಶಕ್ತಿಯೂ ಬರುವವು. ಮುಂದೆ ವೀರ್ಯನಾಳವು ಅದನ್ನು ತೊಡೆಸಂದಿಯ ಮೂಲಕ ಹೊಟ್ಟೆಯೊಳಕ್ಕೆ ಒಯ್ದು ಮೂತ್ರಮಾರ್ಗಕ್ಕೆ ಕೂಡಿಸುವದು. ಕೈಗೆ ಗಟ್ಟಿಯಾದ ಹುರಿಯಂತೆ ತಗಲುವ ಈ ನಾಳದ ಒಳಗಿನ ರಂಧ್ರವು ಅರ್ಧ ಮಿಲಿಮೀಟರಿನಷ್ಟು ಮಾತ್ರ. ಸುಶ್ರುತಾಚಾರ್ಯರು ಶುಕ್ರವಹ ಸ್ರೋತಸ್ಸುಗಳು ಎರಡೆಂದೂ, ಅವುಗಳಿಗೆ ಏಟು ಬಿದ್ದರೆ ವಿಕಾರ ಉಂಟಾಗುವದೆಂದೂ ಶಾರೀರಸ್ಥಾನದಲ್ಲಿ ಹೇಳಿರುವರು. ಆದರೆ ವೀರ್ಯಾಣುವನ್ನು ಕಣ್ಣಿನಿಂದ ಕಾಣುವದು 1677ರಲ್ಲಿ ಹಾಲಂಡಿನ ಲೇವೆನ್‌ಹುಕ್ಕನ ಸೂಕ್ಷ್ಮದರ್ಶಕದಿಂದಲೇ ಸಾಧ್ಯವಾಯಿತು. ಪೂರ್ವಿಕರ ಜ್ಞಾನಕ್ಕೆ ಗೌರವ ಸಲ್ಲಿಸುತ್ತಲೇ ಈ ಹೊಸ ಜ್ಞಾನವನ್ನು ಸ್ವೀಕರಿಸುವದರಲ್ಲಿ ಯಾವ ಹೀನತೆಯೂ ಇಲ್ಲ.

ಇಷ್ಟು ಇಕ್ಕಟ್ಟಾದ ದಾರಿಯು ಕಟ್ಟಿಕೊಳ್ಳಲು ಕಾರಣಗಳು ಹಲವು. ಗೊನೋರಿಯಾ, ಕ್ಲಮೀಡಿಯಾ ಮೊದಲಾದ ಲೈಂಗಿಕ ರೋಗಗಳಿಗೆ ಸಕಾಲದಲ್ಲಿ ಚಿಕಿತ್ಸೆಯಾಗದಿದ್ದರೆ ಅಧಿವೃಷಣವು ಬಾತು, ಕಡೆಗೆ ಕಲೆಗಟ್ಟಿ ನಾಳ ಮುಚ್ಚುವದು. ಕ್ಷಯವು ಪುಪ್ಪುಸಕ್ಕೆ ಮಾತ್ರ ತಗಲುವ ರೋಗವಲ್ಲ. ಅದು ಈ ಅಂಗಗಳಲ್ಲಿಯೂ ನೆಲೆಗೊಂಡು ನಾಳಗಳನ್ನು ಅಲ್ಲಲ್ಲಿ ಗಂಟು ಕಟ್ಟಿಸುವದು. ಬಾಲ್ಯದಲ್ಲಿ ಹರ್ನಿಯಾದ ಶಸ್ತ್ರಕ್ರಿಯೆಯಾದಾಗ ತೊಡೆಸಂದಿಯಲ್ಲಿ ನಾಳಕ್ಕೆ ಪೆಟ್ಟಾಗಿ, ಅದು ಇಪ್ಪತ್ತು ವರ್ಷಗಳ ಮೇಲೆ ಮದುವೆಯಾದ ತರುವಾಯ ಬೆಳಕಿಗೆ ಬರುವದೂ ಉಂಟು. ಕೆಲವರಿಗೆ ಹುಟ್ಟಿನಿಂದಲೇ ವೀರ್ಯನಾಳಗಳು ಇರುವದಿಲ್ಲ. ಸಿಡುಬು ಅಥವಾ ಮೈಲಿಬೇನೆಯೂ ಇಂಥದೊಂದು ಕಾರಣವಾಗಿತ್ತೆಂಬುದನ್ನು ನಮ್ಮ ದೇಶದವರೇ ತೋರಿಸಿಕೊಟ್ಟರು. ಮುಂಬಯಿಯ ಡಾಕ್ಟರ ಫಡಕೆ ಮತ್ತು ಅವರ ಸಹಕಾರಿಗಳು 1973ರಲ್ಲಿ ಪ್ರಕಟಿಸಿದ ಲೇಖನವು, ಸಿಡುಬಿನಿಂದ ಬದುಕಿ ಉಳಿದ ಗಂಡಸರಲ್ಲಿ ಅಧಿವೃಷಣದ ನಾಳವು ಮುಚ್ಚಿ ಸಂತಾನಹೀನತೆ ಬರುವದನ್ನು ವೈದ್ಯಲೋಕಕ್ಕೆ ತಿಳಿಸಿತು. ಅಂದರೆ ಮುಖದ ಮೇಲಿನ ಕಲೆಯನ್ನು ಊರೆಲ್ಲ ಕಂಡಿತು. ಒಳಗಿನ ಕಲೆಯ ಫಲವನ್ನು ಹೆಂಡತಿಯು ತನ್ನ ಪಾಪವೆಂದು ಹೊತ್ತಳು. ಭಾರತದಲ್ಲಿ ಸಿಡುಬಿನ ಕೊನೆಯ ರೋಗಿ ಕಂಡದ್ದು 1975ರಲ್ಲಿ. 1980ರಲ್ಲಿ ಆ ರೋಗವು ಭೂಮಿಯಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ಆ ಒಂದು ಕಾರಣವು ತೊಲಗಿತು, ಉಳಿದವು ಉಳಿದಿವೆ. ಅನೇಕರಲ್ಲಿ ಯಾವ ಕಾರಣವೂ ಹೊಳೆಯದೆ ನಾಳ ಕಟ್ಟಿರುವದೂ ನಮ್ಮ ದೇಶದಲ್ಲಿ ಸಾಮಾನ್ಯವಾಗಿದೆ. ಇವೆಲ್ಲವುಗಳ ಹೊರತಾಗಿ, ಮಕ್ಕಳು ಸಾಕೆಂದು ತಾವಾಗಿಯೇ ನಾಳವನ್ನು ಕತ್ತರಿಸಿಕೊಂಡು, ಮಕ್ಕಳು ತೀರಿಹೋದುದರಿಂದಲೋ ಮರುಮದುವೆಯಿಂದಲೋ ಮತ್ತೆ ಸಂತಾನ ಬಯಸುವವರದು ಬೇರೊಂದು ವರ್ಗ.

ಕೆರೆ ಬತ್ತಿದೆಯೋ ತೂಬು ಕಟ್ಟಿದೆಯೋ ಎಂಬುದನ್ನು ತಿಳಿಯುವ ಪರೀಕ್ಷೆಯು ಬಹು ಸರಳವಾದದ್ದು. ವೀರ್ಯವನ್ನು ಬರಿಗಣ್ಣಿನಿಂದ ನೋಡಿ ಏನನ್ನೂ ಹೇಳಲಾಗುವದಿಲ್ಲ, ಏಕೆಂದರೆ ಅದರಲ್ಲಿ ವೀರ್ಯಾಣುಗಳ ಪಾಲು ನೂರಕ್ಕೆ ಐದನ್ನು ಸಹ ಮೀರದು. ಉಳಿದದ್ದೆಲ್ಲ ಬೇರೆ ಗ್ರಂಥಿಗಳ ದ್ರವ. ಆದಕಾರಣ ಸೂಕ್ಷ್ಮದರ್ಶಕದ ಕೆಳಗೆ, ಬೇರೆ ಬೇರೆ ದಿನ ಎರಡು ಸಲವಾದರೂ ಪರೀಕ್ಷೆಯಾಗತಕ್ಕದ್ದು. ಒಂದೇ ಪರೀಕ್ಷೆಯ ಚೀಟಿಯನ್ನು ನಂಬಿ ನಿರ್ಣಯಕ್ಕೆ ಬರಕೂಡದು. ಎರಡರಲ್ಲಿಯೂ ವೀರ್ಯಾಣು ಕಾಣದಿದ್ದರೆ ಅನುಭವಿಗಳಾದ ವೈದ್ಯರು ಕೈಯಿಂದ ಮುಟ್ಟಿ ನೋಡಿಯೇ ಬಹಳಷ್ಟನ್ನು ಹೇಳಬಲ್ಲರು. ವೃಷಣಗಳು ತಕ್ಕಷ್ಟು ದೊಡ್ಡವಾಗಿಯೂ ಗಟ್ಟಿಯಾಗಿಯೂ ಇದ್ದು, ಅಧಿವೃಷಣವು ಉಬ್ಬಿದ್ದು, ರಕ್ತದಲ್ಲಿ ಎಫ್. ಎಸ್. ಎಚ್. ಎಂಬ ಅಂತಃಸ್ರಾವದ ಪ್ರಮಾಣವು ಮೇಲೇರದೆ ಇದ್ದರೆ, ಉತ್ಪತ್ತಿ ಸರಿಯಾಗಿದೆ, ದಾರಿ ಮಾತ್ರ ಕಟ್ಟಿದೆ ಎಂದು ತಿಳಿಯಲು ಬಲವಾದ ಆಧಾರವಾಗುವದು. ವೀರ್ಯದ ಪ್ರಮಾಣವೇ ಬಹಳ ಕಡಿಮೆಯಿದ್ದು ಅದರಲ್ಲಿ ಫ್ರಕ್ಟೋಸ್ ಎಂಬ ಸಕ್ಕರೆಯು ಇಲ್ಲದಿದ್ದರೆ ತಡೆಯು ಮೇಲೆ, ಮೂತ್ರಮಾರ್ಗದ ಸಮೀಪದಲ್ಲಿದೆಯೆಂದೋ, ನಾಳಗಳೇ ಹುಟ್ಟಿನಿಂದ ಇಲ್ಲವೆಂದೋ ಊಹಿಸಲಾಗುವದು. ಈ ಪರೀಕ್ಷೆಗಳಲ್ಲಿ ನೋವಾಗಲಿ ಅಪಾಯವಾಗಲಿ ಇರುವದಿಲ್ಲ. ಹೆಂಡತಿಯು ಮಾಡಿಸಿಕೊಳ್ಳಬೇಕಾದ ಪರೀಕ್ಷೆಗಳಿಗೆ ಹೋಲಿಸಿದರೆ ಇವಕ್ಕೆ ತಗಲುವ ವೆಚ್ಚವೂ ಅತ್ಯಲ್ಪವು.

ಇನ್ನು ಚಿಕಿತ್ಸೆಯ ಇತಿಹಾಸ. ಕಟ್ಟಿದ ಭಾಗವನ್ನು ಬಿಟ್ಟು ಅಧಿವೃಷಣಕ್ಕೂ ವೀರ್ಯನಾಳಕ್ಕೂ ಹೊಸ ದಾರಿ ಮಾಡಿಕೊಡುವ ಶಸ್ತ್ರಕ್ರಿಯೆಯನ್ನು ಅಮೇರಿಕೆಯ ಫಿಲಡೆಲ್ಫಿಯಾದ ಎಡ್ವರ್ಡ್ ಮಾರ್ಟಿನ್ನನು 1902ರಲ್ಲಿ ಲೋಕಕ್ಕೆ ತಿಳಿಸಿದನು. ಆದರೆ ಬರಿಗಣ್ಣಿಗೆ ಕಾಣದ ರಂಧ್ರಗಳನ್ನು ಬರಿಗಣ್ಣಿನಿಂದ ಹೊಲಿಯುವ ಆ ಕ್ರಮದಲ್ಲಿ ಯಶಸ್ಸು ದೈವಾಧೀನವೇ ಆಗಿತ್ತು. ಸೂಕ್ಷ್ಮದರ್ಶಕವನ್ನು ಶಸ್ತ್ರಕ್ರಿಯೆಗೆ ಮೊದಲು ಬಳಸಿದ್ದು 1921ರಲ್ಲಿ ಸ್ವೀಡನ್ನಿನ ಕಿವಿಯ ವೈದ್ಯ ನೀಲೆನ್. 1953ರಲ್ಲಿ ಜರ್ಮನಿಯ ಜೈಸ್ ಕಂಪನಿಯು ಈ ಕೆಲಸಕ್ಕೆಂದೇ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಸೂಕ್ಷ್ಮ ಶಸ್ತ್ರಕ್ರಿಯೆಯು ವೀರ್ಯನಾಳದ ಚಿಕಿತ್ಸೆಗೆ ಬರುವ ಮೊದಲೇ ಮುಂಬಯಿಯ ಡಾಕ್ಟರ ಜಿ. ಎಂ. ಫಡಕೆಯವರು ಕತ್ತರಿಸಿದ ನಾಳಗಳನ್ನು ಮರಳಿ ಜೋಡಿಸುವ ಕಾರ್ಯದಲ್ಲಿ ಹೆಸರು ಪಡೆದು, ತಮ್ಮ ಅನುಭವವನ್ನು 1967ರಲ್ಲಿ ಅಮೇರಿಕೆಯ ಮೂತ್ರಾಂಗವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರೆಂಬುದು ನಮಗೆ ಅಭಿಮಾನದ ಸಂಗತಿ. 1970ರ ದಶಕದಲ್ಲಿ ಅಮೇರಿಕೆಯ ಶರ್ಮನ್ ಸಿಲ್ಬರ್, ಆಸ್ಟ್ರೇಲಿಯದ ಅರ್ಲ್ ಓವನ್ ಇವರು ಸೂಕ್ಷ್ಮದರ್ಶಕದ ಕೆಳಗೆ ಈ ಜೋಡಣೆಯನ್ನು ಸಾಧಿಸಿದ ಮೇಲೆ ಈ ಶಾಸ್ತ್ರದ ಸ್ವರೂಪವೇ ಬದಲಾಯಿತು. ನಮ್ಮಲ್ಲಿ ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಶಸ್ತ್ರವೈದ್ಯರು, ವಿಶೇಷವಾಗಿ ಕಾರಣ ತಿಳಿಯದೆ ನಾಳ ಕಟ್ಟಿದ ರೋಗಿಗಳ ಮೇಲೆ ಈ ಕ್ರಮವನ್ನು ನಡೆಸಿ ಫಲಗಳನ್ನು ಪ್ರಕಟಿಸಿರುವರು. ಇದು ವಿದೇಶಕ್ಕೆ ಹೋಗಿ ಪಡೆಯಬೇಕಾದ ವಿದ್ಯೆಯಾಗಿ ಉಳಿದಿಲ್ಲ.

ಶಸ್ತ್ರಕ್ರಿಯೆಯು ನಡೆಯುವ ಬಗೆಯನ್ನು ತಿಳಿದರೆ ಅನೇಕರ ಭಯ ಕಳೆದೀತೆಂದು ಸಂಕ್ಷೇಪವಾಗಿ ಹೇಳುವೆವು. ರೋಗಿಗೆ ನೋವು ತಿಳಿಯದಂತೆ ಮಾಡಿ, ವೃಷಣಕೋಶದಲ್ಲಿ ಸಣ್ಣ ಗಾಯವನ್ನು ಮಾಡಿ ನಾಳವನ್ನು ಹೊರತೆಗೆಯುವರು. ಮೊದಲು ವೃಷಣದ ಕಡೆಯ ತುದಿಯಿಂದ ಒಸರುವ ದ್ರವವನ್ನು ಅಲ್ಲಿಯೇ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವರು. ಅದರಲ್ಲಿ ವೀರ್ಯಾಣುಗಳಿದ್ದರೆ, ಅಥವಾ ದ್ರವವು ತಿಳಿನೀರಿನಂತಿದ್ದರೆ, ನಾಳದ ಎರಡು ತುದಿಗಳನ್ನು ಜೋಡಿಸುವರು. ದ್ರವವು ಗಟ್ಟಿಯಾಗಿ ಹಿಟ್ಟಿನ ಸರಿಯಂತಿದ್ದು ವೀರ್ಯಾಣುಗಳಿಲ್ಲದಿದ್ದರೆ, ಇನ್ನೂ ಕೆಳಗೆ ಅಧಿವೃಷಣದಲ್ಲಿಯೇ ತಡೆಯಿದೆಯೆಂದು ತಿಳಿದು, ಆ ಕೂದಲೆಳೆಯಂಥ ನಾಳಕ್ಕೇ ವೀರ್ಯನಾಳವನ್ನು ಕೂಡಿಸಬೇಕಾಗುವದು. ಇದಕ್ಕೆ ಉಪಯೋಗಿಸುವ ನೈಲಾನ್ ಎಳೆಯು ತಲೆಗೂದಲಿಗಿಂತಲೂ ತೆಳುವಾದದ್ದು. ಒಳಪದರಕ್ಕೆ ಒಂದು ಬಗೆಯ ಎಳೆ, ಹೊರಗಿನ ಸ್ನಾಯುವಿನ ಪದರಕ್ಕೆ ಅದಕ್ಕಿಂತ ತುಸು ದಪ್ಪ ಎಳೆ. ಹತ್ತರಿಂದ ಇಪ್ಪತ್ತೈದು ಪಟ್ಟು ದೊಡ್ಡದಾಗಿ ಕಾಣಿಸುವ ಯಂತ್ರದೊಳಗೆ ಕಣ್ಣಿಟ್ಟು, ಮೂರು ನಾಲ್ಕು ತಾಸು ಕೈ ನಡುಗದಂತೆ ದುಡಿಯಬೇಕು. ಜೋಡಣೆಯಲ್ಲಿ ಎಳೆತವಿರಕೂಡದು, ಸೋರಿಕೆಯಿರಕೂಡದು. ಕೈ ಪಳಗಿದ ವೈದ್ಯನಲ್ಲದೆ ಅನ್ಯರು ಇದಕ್ಕೆ ಕೈಯಿಕ್ಕತಕ್ಕದ್ದಲ್ಲ. ರೋಗಿಯಾದರೋ ಒಂದೆರಡು ದಿನಗಳಲ್ಲಿ ಮನೆಗೆ ಹೋಗಬಹುದು. ಮೂರು ನಾಲ್ಕು ವಾರ ಭಾರ ಎತ್ತದೆ, ಸಂಯಮದಿಂದಿದ್ದರೆ ಸಾಕು. ಒಂದೂವರೆ ಎರಡು ತಿಂಗಳ ಮೇಲೆ ವೀರ್ಯಪರೀಕ್ಷೆ ಆರಂಭವಾಗುವದು. ಅಧಿವೃಷಣಕ್ಕೆ ಜೋಡಣೆಯಾದವರಲ್ಲಿ ವೀರ್ಯಾಣುಗಳು ಕಾಣಿಸಿಕೊಳ್ಳಲು ಆರು ತಿಂಗಳು, ಒಂದು ವರ್ಷ ಹಿಡಿಯುವದೂ ಉಂಟು; ಅಲ್ಲಿಯವರೆಗೆ ತಾಳ್ಮೆ ಬೇಕು.

ಫಲವೆಷ್ಟು ಎಂದು ಕೇಳುವದು ನ್ಯಾಯವೇ. ಅಮೇರಿಕೆಯ ಐದು ವೈದ್ಯರು ಕೂಡಿ 1,469 ಜನರಿಗೆ ಮಾಡಿದ ಮರುಜೋಡಣೆಗಳ ಲೆಕ್ಕವನ್ನು 1991ರಲ್ಲಿ ಪ್ರಕಟಿಸಿದರು. ನಾಳ ಕತ್ತರಿಸಿ ಮೂರು ವರ್ಷದೊಳಗಾಗಿ ಜೋಡಣೆಯಾದವರಲ್ಲಿ ನೂರಕ್ಕೆ 97 ಜನರಿಗೆ ವೀರ್ಯಾಣುಗಳು ಮರಳಿ ಬಂದವು. 76 ಜನರ ಹೆಂಡಂದಿರು ಗರ್ಭ ಧರಿಸಿದರು. ಮೂರರಿಂದ ಎಂಟು ವರ್ಷ ಕಳೆದವರಲ್ಲಿ ಈ ಅಂಕಿಗಳು 88 ಮತ್ತು 53. ಒಂಬತ್ತರಿಂದ ಹದಿನಾಲ್ಕು ವರ್ಷ ಕಳೆದವರಲ್ಲಿ 79 ಮತ್ತು 44. ಹದಿನೈದು ವರ್ಷ ಅಥವಾ ಹೆಚ್ಚು ಕಳೆದವರಲ್ಲಿ 71 ಮತ್ತು 30. ಕಾಲ ಕಳೆದಂತೆ ಹಿಂದೆ ನಿಂತ ದ್ರವದ ಒತ್ತಡದಿಂದ ಅಧಿವೃಷಣದ ಸೂಕ್ಷ್ಮನಾಳವು ಒಡೆದು ಅಲ್ಲಿ ಎರಡನೆಯ ತಡೆಯು ಉಂಟಾಗುವದೇ ಈ ಇಳಿತಕ್ಕೆ ಮುಖ್ಯ ಕಾರಣ. ಅಧಿವೃಷಣಕ್ಕೆ ಜೋಡಿಸುವ ಶಸ್ತ್ರಕ್ರಿಯೆಯಲ್ಲಿ, ವಿಶೇಷವಾಗಿ ರೋಗದಿಂದ ನಾಳ ಕಟ್ಟಿದವರಲ್ಲಿ, ಯಶಸ್ಸು ಇದಕ್ಕಿಂತ ಕಡಿಮೆ ಎಂಬುದನ್ನು ಮರೆಮಾಚಬಾರದು. ಆದರೂ ಎಲ್ಲ ಮುಗಿಯಿತೆಂದು ಕುಳಿತವನಿಗೆ ಅರ್ಧದಷ್ಟು ಆಶೆಯಿದ್ದರೂ ಅದು ಅಲ್ಪವಲ್ಲ.

ಇಲ್ಲಿ ಒಂದು ಆಕ್ಷೇಪವು ಬರುವದು. ಈಗ ವೃಷಣದಿಂದಲೇ ಸೂಜಿಯ ಮೂಲಕ ವೀರ್ಯಾಣುವನ್ನು ತೆಗೆದು, ಪ್ರಯೋಗಶಾಲೆಯಲ್ಲಿ ಸ್ತ್ರೀಯ ಅಂಡದೊಳಕ್ಕೆ ಚುಚ್ಚಿ ಗರ್ಭ ನಿಲ್ಲಿಸುವ ಕ್ರಮವು ಬಂದಿರುವಾಗ, ಈ ಕಷ್ಟದ ಹೊಲಿಗೆಯಾದರೂ ಏತಕ್ಕೆ ಎಂದು ಕೇಳುವರು. 1992ರಲ್ಲಿ ಬ್ರಸೆಲ್ಸ್ ನಗರದ ವೈದ್ಯರು ಲೋಕಕ್ಕೆ ಕೊಟ್ಟ ಆ ಕ್ರಮವು ನಿಸ್ಸಂದೇಹವಾಗಿ ದೊಡ್ಡ ಉಪಕಾರವೇ. ಹುಟ್ಟಿನಿಂದಲೇ ನಾಳಗಳಿಲ್ಲದವರಿಗೂ, ಹೆಂಡತಿಯ ವಯಸ್ಸು ಮೀರುತ್ತಿರುವವರಿಗೂ, ಜೋಡಣೆಯು ಫಲಿಸದವರಿಗೂ ಅದೇ ದಾರಿ. ನಾಳವಿಲ್ಲದ ದೋಷವು ವಂಶವಾಹಕವಾಗಿರುವದರಿಂದ ಅಂಥವರು ಮೊದಲು ಗಂಡಹೆಂಡಿರಿಬ್ಬರ ರಕ್ತಪರೀಕ್ಷೆಯನ್ನೂ ಮಾಡಿಸತಕ್ಕದ್ದು. ಆದರೆ ಉಳಿದವರ ವಿಷಯದಲ್ಲಿ ಒಂದು ಮಾತನ್ನು ಲಕ್ಷ್ಯದಲ್ಲಿಡಬೇಕು. ಆ ಕ್ರಮದಲ್ಲಿ ದೋಷವು ಗಂಡನದು, ಕಷ್ಟವು ಹೆಂಡತಿಯದು. ಅಂಡಗಳು ಹೆಚ್ಚಾಗಿ ಪಕ್ವವಾಗಲೆಂದು ದಿನದಿನವೂ ಸೂಜಿ ಚುಚ್ಚಿಸಿಕೊಳ್ಳುವವಳು, ಅಂಡಗಳನ್ನು ತೆಗೆಯುವಾಗ ಮೂರ್ಛೆಯ ಔಷಧ ತೆಗೆದುಕೊಳ್ಳುವವಳು, ಫಲಿಸದಿದ್ದರೆ ಮತ್ತೆ ಮೊದಲಿನಿಂದ ಎಲ್ಲವನ್ನೂ ಅನುಭವಿಸುವವಳು, ನಿರೋಗಿಯಾದ ಆ ಸ್ತ್ರೀಯೇ. ಪ್ರತಿ ಮಗುವಿಗೂ ಪುನಃ ಅದೇ ವೆಚ್ಚ, ಅದೇ ಶ್ರಮ. ನಾಳದ ಜೋಡಣೆಯಾದರೋ ದೋಷವಿದ್ದವನ ಮೈಯಲ್ಲಿಯೇ ಒಮ್ಮೆ ಆಗುವದು. ಫಲಿಸಿದರೆ ಮುಂದಿನ ಮಕ್ಕಳು ಮನೆಯಲ್ಲಿಯೇ ಸಹಜಕ್ರಮದಿಂದ ಆಗುವರು. ಯಾವದು ತಮಗೆ ತಕ್ಕದ್ದೆಂಬುದನ್ನು ದಂಪತಿಗಳೇ ವೈದ್ಯರೊಡನೆ ವಿಚಾರಿಸಿ ನಿರ್ಣಯಿಸಲಿ. ಎರಡೂ ದಾರಿಗಳನ್ನು ಅವರ ಮುಂದಿಡುವದು ವೈದ್ಯರ ಧರ್ಮ.

ಗಂಡಸಿನ ಪಾಲಿನ ಕಷ್ಟವನ್ನು ಹೆಂಗಸಿನ ಮೈಮೇಲೆ ಹೊರಿಸುವ ಈ ರೂಢಿಯು ಮಕ್ಕಳು ಬೇಕೆಂಬಲ್ಲಿ ಮಾತ್ರವಲ್ಲ, ಬೇಡವೆಂಬಲ್ಲಿಯೂ ಇದೆ. ಜಗತ್ತಿನಲ್ಲಿಯೇ ಮೊದಲಾಗಿ ಸರಕಾರಿ ಸಂತಾನನಿಯಮನ ಕೇಂದ್ರಗಳನ್ನು ತೆರೆಯಲು 1930ರಲ್ಲಿ ಅಪ್ಪಣೆ ಕೊಟ್ಟ ಕೀರ್ತಿಯು ಮೈಸೂರು ಸಂಸ್ಥಾನದ್ದು. ಸ್ವತಂತ್ರ ಭಾರತವು 1952ರಲ್ಲಿ ಕುಟುಂಬಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವನ್ನಾಗಿ ಕೈಕೊಂಡಿತು. ಮುಂದೆ ತುರ್ತುಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ ಸುಮಾರು 82 ಲಕ್ಷ ಸಂತಾನಹರಣ ಶಸ್ತ್ರಕ್ರಿಯೆಗಳಾದವು. ಅವುಗಳಲ್ಲಿ ಸುಮಾರು 62 ಲಕ್ಷ ಗಂಡಸರವು. ಅಧಿಕಾರದ ಬಲದಿಂದ ನಡೆದ ಆ ಕಾರ್ಯವು ಜನರ ಮನಸ್ಸಿನಲ್ಲಿ ಬಿಟ್ಟುಹೋದ ಭೀತಿಯು ಇಂದಿಗೂ ಮಾಯವಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ವಿವಾಹಿತ ದಂಪತಿಗಳಲ್ಲಿ ನೂರಕ್ಕೆ 37.9ರಷ್ಟು ಕಡೆ ಹೆಂಡತಿಯು ಶಸ್ತ್ರಕ್ರಿಯೆ ಮಾಡಿಸಿಕೊಂಡಿದ್ದರೆ, ಗಂಡನು ಮಾಡಿಸಿಕೊಂಡದ್ದು ನೂರಕ್ಕೆ 0.3ರಷ್ಟು ಮಾತ್ರ. ಗಂಡಸರ ಶಸ್ತ್ರಕ್ರಿಯೆಯೇ ಸುಲಭವಾದದ್ದು, ಹೊಟ್ಟೆ ಕೊಯ್ಯಬೇಕಾಗಿಲ್ಲದ್ದು ಎಂಬುದು ವೈದ್ಯರೆಲ್ಲರ ಅಭಿಪ್ರಾಯವಾಗಿದ್ದೂ ಈ ಸ್ಥಿತಿ. ಕಟ್ಟಿದ ನಾಳವನ್ನು ಬಿಚ್ಚುವ ವಿದ್ಯೆಯು ಜಿಲ್ಲೆಯ ಸಮೀಪದಲ್ಲಿಯೇ ಇದೆಯೆಂದು ಗಂಡಸರಿಗೆ ತಿಳಿದರೆ ಆ ಭೀತಿಯೂ ಕೆಲಮಟ್ಟಿಗೆ ಇಳಿದೀತು. ಆದರೂ ಮರುಜೋಡಣೆಯು ಖಂಡಿತವಾಗಿ ಫಲಿಸುವದೆಂದು ನಂಬಿ ಯಾರೂ ಆ ಶಸ್ತ್ರಕ್ರಿಯೆಗೆ ಒಳಗಾಗಬಾರದು. ಮಕ್ಕಳು ಸಾಕೆಂಬುದು ನಿಶ್ಚಯವಾದ ಮೇಲೆಯೇ ಅದು ಯೋಗ್ಯ.

ಗಂಡಸರು ಪರೀಕ್ಷೆಗೆ ಹಿಂಜರಿಯುವದರ ಮೂಲವು ಮಾನದ ಭಯ. ವೀರ್ಯಾಣುವಿಲ್ಲದಿರುವದಕ್ಕೂ ಪುರುಷತ್ವವಿಲ್ಲದಿರುವದಕ್ಕೂ ಸಂಬಂಧವಿಲ್ಲವೆಂಬುದನ್ನು ಅವರಿಗೆ ತಿಳಿಸಿ ಹೇಳುವವರಿಲ್ಲ. ನಾಳ ಕಟ್ಟಿದವನ ಬಲ, ಧ್ವನಿ, ಮೀಸೆ, ದಾಂಪತ್ಯಸುಖ ಯಾವದರಲ್ಲಿಯೂ ಕೊರತೆಯಿರುವದಿಲ್ಲ. ಏಕೆಂದರೆ ಅವುಗಳಿಗೆ ಕಾರಣವಾದ ಅಂತಃಸ್ರಾವವು ನಾಳದ ಮೂಲಕವಲ್ಲ, ನೇರವಾಗಿ ರಕ್ತದಲ್ಲಿ ಸೇರುವದು. ಈ ಅಜ್ಞಾನದ ಲಾಭವನ್ನು ಪಡೆಯುವವರು ಗೋಡೆಗಳ ಮೇಲೆ ಗುಪ್ತರೋಗದ ಜಾಹೀರಾತು ಬರೆಯಿಸುವ ನಾಟಿ ಪಂಡಿತರು. ಇಂಥ ಮಾಯಾ ಔಷಧಗಳ ಜಾಹೀರಾತನ್ನು ತಡೆಯಲು 1954ರಲ್ಲಿಯೇ ಕಾಯಿದೆಯಾಗಿದೆ. ಆದರೂ ಬಸ್ ನಿಲ್ದಾಣದ ಗೋಡೆಗಳು ಅದನ್ನು ಓದಿದಂತೆ ತೋರುವದಿಲ್ಲ. ಲೇಹ್ಯ, ಗುಳಿಗೆ, ಭಸ್ಮಗಳಿಂದ ಮುಚ್ಚಿದ ನಾಳವು ತೆರೆಯಲಾರದು. ಹೀಗೆ ಕಳೆದ ಒಂದೊಂದು ವರ್ಷವೂ ಹೆಂಡತಿಯ ವಯಸ್ಸಿನಲ್ಲಿ ಕೂಡುತ್ತ, ಗರ್ಭ ನಿಲ್ಲುವ ಸಂಭವವನ್ನು ಕಡಿಮೆ ಮಾಡುವದೆಂಬುದನ್ನು ಮರೆಯಬಾರದು.

ಇನ್ನು ಕೆಲವರು ಪರೀಕ್ಷೆಯ ಬದಲು ಎರಡನೆಯ ಮದುವೆಯ ಮಾತೆತ್ತುವರು. 1955ರ ಹಿಂದೂ ವಿವಾಹ ಕಾಯಿದೆಯು ಮೊದಲ ಹೆಂಡತಿಯು ಜೀವಂತಳಾಗಿದ್ದು ವಿವಾಹಬಂಧವು ಮುರಿಯದಿರುವಾಗ ಮತ್ತೊಂದು ಮದುವೆಯನ್ನು ನಿಷೇಧಿಸಿದೆ. ಸಂತಾನವಿಲ್ಲದಿರುವದನ್ನು ಆ ಕಾಯಿದೆಯು ವಿಚ್ಛೇದನಕ್ಕೆ ಕಾರಣವೆಂದು ಒಪ್ಪಿಲ್ಲ. ಕಾಯಿದೆಯ ಮಾತು ಒತ್ತಟ್ಟಿಗಿರಲಿ. ಕಟ್ಟಿದ ನಾಳದವನು ಹತ್ತು ಮದುವೆಯಾದರೂ ಹತ್ತು ಜನ ಸ್ತ್ರೀಯರಿಗೆ ಬಂಜೆಯೆಂಬ ಹೆಸರು ತರುವನೇ ಹೊರತು ತಂದೆಯಾಗಲಾರನು.

ಸರಕಾರದ ಮುಂದೆ ನಾವಿಡುವ ಬೇಡಿಕೆಗಳು ಎರಡು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಹೊರಗಿಟ್ಟ ಚಿಕಿತ್ಸೆಗಳ ಪಟ್ಟಿಯಲ್ಲಿ ಸಂತಾನೋತ್ಪತ್ತಿಗೆ ಸಂಬಂಧಿಸಿದ ಚಿಕಿತ್ಸೆಗಳೂ ಸೇರಿರುವವು. ಪ್ರಯೋಗಶಾಲೆಯ ದುಬಾರಿ ಕ್ರಮಗಳ ಮಾತು ಬೇರೆ. ಆದರೆ ಕಟ್ಟಿದ ನಾಳವನ್ನು ತೆರೆಯುವದು ಅಂಗದ ರೋಗಕ್ಕೆ ಮಾಡುವ ಶಸ್ತ್ರಕ್ರಿಯೆ. ಮೂತ್ರನಾಳದ ತಡೆಗೆ ಸಲ್ಲುವ ನೆರವು ವೀರ್ಯನಾಳದ ತಡೆಗೆ ಏಕೆ ಸಲ್ಲಕೂಡದು? ಇದು ಮೊದಲನೆಯದು. ಎರಡನೆಯದಾಗಿ, ಹುಬ್ಬಳ್ಳಿಯಲ್ಲಿ 1957ರಲ್ಲಿ ಸ್ಥಾಪಿತವಾದ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವು ಈ ಭಾಗದ ಬಡವರಿಗೆಲ್ಲ ಆಧಾರವಾಗಿದೆ. ಹಾವೇರಿಯಲ್ಲಿಯೂ ಈಗ ಸರಕಾರಿ ವೈದ್ಯಕೀಯ ವಿದ್ಯಾಲಯವಾಗಿದೆ. ಅಲ್ಲಿಯ ಒಬ್ಬಿಬ್ಬರು ಶಸ್ತ್ರವೈದ್ಯರಿಗೆ ದಿಲ್ಲಿಯಂಥ ಸ್ಥಳದಲ್ಲಿ ಈ ಸೂಕ್ಷ್ಮ ವಿದ್ಯೆಯ ಶಿಕ್ಷಣವನ್ನು ಕೊಡಿಸಿ, ಇದಕ್ಕೆಂದು ವಾರದ ಒಂದು ದಿನವನ್ನು ಮೀಸಲಿಟ್ಟರೆ ಹಿರೇಕೆರೂರು, ಹಾನಗಲ್ಲು, ಶಿಗ್ಗಾಂವಿ, ಸವಣೂರುಗಳ ದಂಪತಿಗಳು ಬೆಂಗಳೂರಿಗೆ ಅಲೆಯಬೇಕಾಗುವದಿಲ್ಲ. ತಾಲೂಕು ಆಸ್ಪತ್ರೆಗಳಲ್ಲಿ ವೀರ್ಯಪರೀಕ್ಷೆಯ ಏರ್ಪಾಡಾಗಿ, ಗಂಡಸರು ನಾಚದೆ ಬರುವಂತೆ ಏಕಾಂತದ ಕೊಠಡಿಯೊಂದು ಇರುವದು ಇದಕ್ಕೆಲ್ಲ ಮೊದಲ ಮೆಟ್ಟಿಲು.

ಜನರ ಕರ್ತವ್ಯವು ಸರಕಾರದ್ದಕ್ಕಿಂತ ಕಿರಿದಲ್ಲ. ವೈದ್ಯರು ಗಂಡನ ಪರೀಕ್ಷೆಯಾಗದೆ ಹೆಂಡತಿಗೆ ಸೂಜಿ ಔಷಧಗಳನ್ನು ಆರಂಭಿಸಕೂಡದು. ಮನೆಯ ಹಿರಿಯರು ಮಗನ ಚೀಟಿಯನ್ನು ನೋಡದೆ ಸೊಸೆಯ ಕಡೆ ಬೆರಳು ಮಾಡಕೂಡದು. ಓದುಬರಹ ಬಲ್ಲ ಗೃಹಸ್ಥರೂ ಅಧಿಕಾರಿಗಳೂ ತಾವು ಮೊದಲು ಪರೀಕ್ಷೆಗೆ ಹೋಗಿ ಇತರರಿಗೆ ದಾರಿ ತೋರಬೇಕು. ಎಲ್ಲ ಪ್ರಯತ್ನಗಳ ಮೇಲೂ ಫಲ ದೊರೆಯದವರು ಇದ್ದೇ ಇರುವರು. ಅಂಥವರಿಗೆ ದತ್ತಕದ ಮಾರ್ಗವು ಗೌರವದ ಮಾರ್ಗವೇ ಆಗಿದೆ. ದತ್ತಕದ ಹಕ್ಕನ್ನು ಅಲ್ಲಗಳೆದುದಕ್ಕಾಗಿ 1824ರಲ್ಲಿ ಕಿತ್ತೂರೂ 1858ರಲ್ಲಿ ನರಗುಂದವೂ ಕಂಪನಿ ಸರಕಾರದ ಮೇಲೆ ಕತ್ತಿ ಹಿರಿದವು. ಅಂಥ ನಾಡಿನವರು ದತ್ತುಪುತ್ರನನ್ನು ಎರಡನೆಯ ತರದವನೆಂದು ಎಣಿಸುವದು ಶೋಭಿಸುವ ಮಾತಲ್ಲ. 1956ರ ಕಾಯಿದೆಯ ಪ್ರಕಾರ ಹೆಣ್ಣುಮಗುವನ್ನೂ ದತ್ತು ತೆಗೆದುಕೊಳ್ಳಬಹುದಾಗಿದೆ. ಆದರೆ ದತ್ತಕವಾಗಲಿ, ಪ್ರಯೋಗಶಾಲೆಯಾಗಲಿ, ಶಸ್ತ್ರಕ್ರಿಯೆಯಾಗಲಿ, ಯಾವ ನಿರ್ಣಯಕ್ಕೂ ಮೊದಲು ಸತ್ಯ ತಿಳಿಯಬೇಕು. ಆ ಸತ್ಯವು ದೊರೆಯುವದು ಒಂದು ಗಾಜಿನ ತುಣುಕಿನ ಮೇಲಿನ ಒಂದು ಹನಿಯಲ್ಲಿ. ಅದನ್ನು ಕೊಡಲು ಗಂಡಸು ಸಿದ್ಧನಾದರೆ, ನಿರಪರಾಧಿಗಳಾದ ಎಷ್ಟೋ ಜನ ಹೆಣ್ಣುಮಕ್ಕಳು ಇನ್ನು ಮುಂದಾದರೂ ಅನ್ಯರ ದೋಷವನ್ನು ತಮ್ಮ ಹಣೆಯ ಬರಹವೆಂದು ಹೊರುವದು ತಪ್ಪೀತು.